ಇಲ್ಲ ಎನ್ನುವ ಹುಬ್ಬು

ಪಾರ್ಥೆನಾಳ ಮೈಯಲ್ಲಿ ಅವಳ ಮಾತು ಕೇಳುವಂಥದ್ದು ಎಂದು ಕೊನೆಗೆ ಉಳಿದದ್ದು ಎರಡು ಕಣ್ಣು, ಎರಡು ಹುಬ್ಬು. ಕೈ ಹೋಗಿತ್ತು. ಕಾಲು ಹೋಗಿತ್ತು. ನಾಲಿಗೆ ಬಾಯೊಳಗೆ ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು. ತಲೆಯನ್ನು ಯಾರು ಯಾವ ಕಡೆ ತಿರುಗಿಸಿ ಇಟ್ಟರೆ ಆ ಕಡೆಯ ಗೋಡೆಯೇ ಗತಿ.

ಹುಬ್ಬು ಇದ್ದರೆ ಸಾಕು ಎಂದುಕೊಂಡಿದ್ದಳು. ಗ್ರೀಸಿನ ಈ ಸೀಮೆಯಲ್ಲಿ ‘ಇಲ್ಲ’ ಎನ್ನಲು ಬಾಯಿ ಬೇಕಿಲ್ಲ. ಹುಬ್ಬು ಒಂದು ಸಲ ಮೇಲೆ ಹೋದರೆ ಮುಗಿಯಿತು. ಅಂಗಡಿಯವನು ಹುಬ್ಬೆತ್ತಿದರೆ ಸಾಮಾನಿಲ್ಲ. ಹುಡುಗಿ ಹುಬ್ಬೆತ್ತಿದರೆ ಮದುವೆ ಇಲ್ಲ. ಇಲ್ಲಿನ ಕೂಸುಗಳೂ ಮಾತು ಬರುವ ಮೊದಲೇ ಹುಬ್ಬೆತ್ತಿ ಅನ್ನ ಬೇಡ ಅನ್ನುತ್ತವೆ.

ಪೀಚ್ ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಂತೂ ಹುಬ್ಬೇ ಭಾಷೆ. ಗೊರಟು ತೆಗೆಯುವ ಯಂತ್ರ ಶುರುವಾದರೆ ಕಿವಿಯ ಹತ್ತಿರ ಕೂಗಿದರೂ ಕೇಳದು. ಬೆಲ್ಟಿನ ಎರಡೂ ಬದಿಗೆ ಹೆಂಗಸರು, ರಬ್ಬರಿನ ಏಪ್ರನ್, ತಲೆಗೆ ಟೋಪಿ. ಹುಬ್ಬೆತ್ತಿದರೆ ನಿಲ್ಲಿಸು ಎಂದು. ಎತ್ತದಿದ್ದರೆ ನಡೆಸು ಎಂದು. ‘ಹೂಂ’ ಅನ್ನುವುದಕ್ಕೆ ಅಲ್ಲಿ ಸನ್ನೆಯೇ ಇರಲಿಲ್ಲ. ಯಾಕಿರಬೇಕು? ಬೆಲ್ಟು ಹೇಗೂ ಓಡುತ್ತಿತ್ತು. ಅದು ಓಡುವುದಕ್ಕೆ ಈ ಹೆಂಗಸರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

ಆ ಬೆಲ್ಟಿನ ಮುಂದೆ ಪಾರ್ಥೆನಾ ತನ್ನ ಸೊಂಟ ಸವೆಸಿದಳು. ಕಾಸ್ಟಿಕ್ ಸೋಡಾದ ಬಿಸಿನೀರಿನಲ್ಲಿ ಸಿಪ್ಪೆ ಸುಲಿಸಿಕೊಂಡು ಬಂದ ಹಣ್ಣು ಜಾರುತ್ತದೆ. ಅದನ್ನು ಹಿಡಿಯಬೇಕು, ಉಳಿದ ಸಿಪ್ಪೆ ಕೆರೆಯಬೇಕು, ಒಡೆದ ಗೊರಟನ್ನು ಚಾಕುವಿನ ತುದಿಯಲ್ಲಿ ಎಬ್ಬಿಸಬೇಕು. ಗ್ಲೌಸಿನೊಳಗೆ ನೀರು ನುಗ್ಗಿ ಬೆರಳು ಬೆಳ್ಳಗೆ ಸುಕ್ಕಾಗುತ್ತಿತ್ತು. ಹಣ್ಣಿನ ರೋಮ ಕುತ್ತಿಗೆಗೆ ಅಂಟಿ ಉರಿಯುತ್ತಿತ್ತು. ಕೆರೆದುಕೊಳ್ಳುವ ಹಾಗಿಲ್ಲ, ಎರಡೂ ಕೈ ಬೆಲ್ಟಿನದು. ಪಕ್ಕದಲ್ಲಿ ನಿಲ್ಲುತ್ತಿದ್ದವಳು ಅನಾತೊಲಿ. ಇಬ್ಬರೂ ಕಜಾಕಸ್ತಾನದಿಂದ ಬಂದ ಗ್ರೀಕರು. ಅಲ್ಲಿ ‘ಗ್ರೀಕರವಳು’ ಎಂದು ಮೂಗು ಮುರಿದರು, ಇಲ್ಲಿ ‘ರಷ್ಯಾದವಳು’ ಎಂದು ಮೂಗು ಮುರಿದರು. ಇವರು ಎಲ್ಲಿ ಹೋದರೂ ಜನರಿಗೆ ಮೂಗೊಂದು ಇದ್ದೇ ಇರುತ್ತಿತ್ತು.

ಒಂದು ಹಂಗಾಮಿನಲ್ಲಿ ಪಾರ್ಥೆನಾಳ ಕೈಯಿಂದ ಹಣ್ಣು ಜಾರತೊಡಗಿತು. ಆಮೇಲೆ ಚಾಕು ಜಾರಿತು. ಮೇಸ್ತ್ರಿ ಬೆಲ್ಟು ನಿಲ್ಲಿಸಿದ. ಎಲ್ಲರ ಎದುರು ಅವಳ ಮುಖಕ್ಕೆ ಮುಖ ತಂದ.

“ಬೆಳಬೆಳಿಗ್ಗೆನೇ ಏರಿಸ್ಕೊಂಡ್ ಬಂದಿದೀಯಾ? ಎಲ್ಲಿ, ಊದು ನೋಡಣ.”

ಅವಳು ಊದಿದಳು. ಹೊಟ್ಟೆಪಾಡು, ಊದಿದಳು. ಅವನು ಮೂಸಿ ನೋಡಿದ. ಏನೂ ಸಿಗಲಿಲ್ಲ.

“ವಾಸನೆ ಬರ್ದೇ ಇರೋದು ಕುಡ್ದಿರ್ತೀಯ. ನಿಮ್ ಜನಕ್ಕೆ ಎಲ್ಲಾ ಗೊತ್ತು.”

“ನನ್ದೂ ಮೂಸು ಬಾರಯ್ಯಾ,” ಅಂದಳು ಅನಾತೊಲಿ. “ಬೆಳ್ಳುಳ್ಳಿ ತಿಂದ್ ಬಂದಿದೀನಿ, ಮನೆಗ್ ಹೋಗಿ ಹೆಂಡ್ತಿಗೂ ಹಂಚು.”

ಹೆಂಗಸರು ನಕ್ಕರು. ಪಾರ್ಥೆನಾಳ ಕೆಲಸ ಹೋಯಿತು. ಕುಡಿತವಲ್ಲ, ಮೈಯ ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುವ ರೋಗ ಎಂದು ಡಾಕ್ಟರು ಹೇಳುವ ಹೊತ್ತಿಗೆ ಅವಳ ಕೈ ಚಮಚ ಹಿಡಿಯುವುದನ್ನೂ ಮರೆತಿತ್ತು. ಅವಳಿಗೆ ಗಂಡನಿರಲಿಲ್ಲ, ಮಕ್ಕಳಿರಲಿಲ್ಲ. ಅನಾತೊಲಿ ತನ್ನ ಮಂಚವನ್ನು ಹೊತ್ತು ತಂದು ಅವಳ ಕೋಣೆಯಲ್ಲಿ ಹಾಕಿದಳು. ಮೊಸರು, ಗೋಧಿ ನುಚ್ಚು ಹಾಕಿ ಬೇಯಿಸಿದ ಸೂಪನ್ನು ಜರಡಿ ಹಿಡಿದು ಕುಡಿಸಿದಳು. ತೊಳೆದಳು, ಬಳಿದಳು, ಮಗ್ಗುಲು ಬದಲಿಸಿದಳು, ಬೈದಳು.

ರೋಗಿಗಳ ಸಂಘದವರು ಒಂದು ಪರದೆ ಕೊಟ್ಟರು. ಕಣ್ಣು ಯಾವ ಅಕ್ಷರದ ಮೇಲೆ ನಿಂತಿತೆಂದು ಅದು ಕಂಡುಹಿಡಿಯುತ್ತಿತ್ತು. ಅಕ್ಷರ ಕೂಡಿಸಿ ಮಾತಾಡುತ್ತಿತ್ತು. ಪಾರ್ಥೆನಾಳ ಕಣ್ಣು ಚಿಕ್ಕಂದಿನಿಂದ ಮಂಜು, ದಪ್ಪ ಗಾಜಿನ ಕನ್ನಡಕ ಬೇಕೇ ಬೇಕು. ಕನ್ನಡಕ ಹಾಕಿದರೆ ಪರದೆ ಕಾಣುತ್ತಿತ್ತು. ಮೊದಲ ದಿನ ಬೆವರು ಸುರಿಸಿಕೊಂಡು ಒಂದು ವಾಕ್ಯ ಕೂಡಿಸಿದಳು. ಬಸ್ ನಿಲ್ದಾಣದಲ್ಲಿ ಕೂಗುವಂಥ ಹೆಣ್ಣುದನಿಯಲ್ಲಿ ಪರದೆ ಹೇಳಿತು: “ಸೂಪಿಗೆ ಉಪ್ಪು ಜಾಸ್ತಿ.”

“ಅಯ್ಯೋ ನಿನ್ನ!” ಅನಾತೊಲಿ ಸೌಟು ಎತ್ತಿದಳು. “ಇಷ್ಟ್ ದಿನ ಬಾಯ್ ಮುಚ್ಕೊಂಡಿದ್ದು ಇದನ್ ಹೇಳೋಕಾ?” ಆಮೇಲೆ ಹಿತ್ತಲಿಗೆ ಹೋಗಿ ಅತ್ತಳು.

ಹಾಗೆ ಎರಡು ಚಳಿಗಾಲ ಕಳೆದವು. ಮೂರನೆಯದರಲ್ಲಿ ಉಸಿರು ಕೈಕೊಟ್ಟಿತು.

ಜಿಲ್ಲಾ ಆಸ್ಪತ್ರೆಯಲ್ಲಿ ಮಂಚದ ಪಕ್ಕ ಉಸಿರಾಟದ ಯಂತ್ರ ಇಟ್ಟರು. ಮಾಸ್ಕ್ ಅಳತೆ ನೋಡಲು ಸರಬರಾಜು ಕಂಪನಿಯ ಸ್ತಾಥಿಸ್ ಎಂಬ ಮನುಷ್ಯ ಚೀಲ ಹಿಡಿದು ಬಂದ. ಆಸ್ಪತ್ರೆಗೆ ಬರುತ್ತಿದ್ದದ್ದು ಒಂದೇ ನಮೂನೆ. ಮೂಗು, ಬಾಯಿ ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕ್. ಮೂಗಿನ ಮೇಲಿನಿಂದ ಒಂದು ಪ್ಲಾಸ್ಟಿಕ್ ತೋಳು ಎದ್ದು ಹಣೆಗೆ ಹೋಗುತ್ತದೆ, ತುದಿಯಲ್ಲಿ ಒಂದು ಮೆತ್ತೆ. ಪಾರ್ಥೆನಾಳ ಹಣೆ ಕಿರಿದು. ಪಟ್ಟಿ ಬಿಗಿದಾಗ ಮೆತ್ತೆ ಹೋಗಿ ಕೂತದ್ದು ಎರಡು ಹುಬ್ಬುಗಳ ಮೇಲೆ.

ಗಾಳಿ ಒಳಗೆ ನುಗ್ಗಿತು. ಎದೆ ಎದ್ದಿತು. ಎಷ್ಟೋ ದಿನದ ಮೇಲೆ ಹೊಟ್ಟೆತುಂಬ ಉಂಡಂತೆ ಉಸಿರಾಡಿದಳು. ಅದು ಸುಳ್ಳಲ್ಲ. ಆಮೇಲೆ ಅನಾತೊಲಿ ಕನ್ನಡಕ ಹಾಕಲು ಹೋದಳು. ಮೂಗಿನ ಮೇಲೆ ಜಾಗವಿಲ್ಲ. ಮಾಸ್ಕಿನ ಮೇಲೆ ಒರಗಿಸಿದಳು, ಬಿತ್ತು. ಆ ಪ್ಲಾಸ್ಟಿಕ್ ತೋಳಿನ ಕೆಳಗೆ ತೂರಿಸಿದಳು, ಗಾಳಿ ಸೋರಿ ಗಾಜೆಲ್ಲ ಆವಿ. ಪರದೆ ತಂದು ಎದುರಿಗಿಟ್ಟರು. ಪ್ಲಾಸ್ಟಿಕ್ ತೋಳಿನ ಹೊಳಪಿಗೆ ಅದು ದಿಕ್ಕುಗೆಟ್ಟಿತು. ‘ಕಣ್ಣು ಸಿಗುತ್ತಿಲ್ಲ’ ಎಂದು ತೋರಿಸಿತು. ಕನ್ನಡಕವಿಲ್ಲದ ಪಾರ್ಥೆನಾಳಿಗೆ ಆ ಅಕ್ಷರವೂ ಕಾಣಲಿಲ್ಲ.

“ಬೇರೆ ತರದ್ದು ಇಲ್ವೇನಪ್ಪಾ?” ಅನಾತೊಲಿ ಕೇಳಿದಳು. “ಇದ್ ಹಾಕಿದ್ರೆ ಇವಳು ಹೆಂಗ್ ಮಾತಾಡ್ತಾಳೆ?”

ಸ್ತಾಥಿಸ್ ಕೆಟ್ಟವನಲ್ಲ. ಬಾಗಿಲ ಕಡೆ ನೋಡಿದ. ಚೀಲದ ತಳದಿಂದ ಇನ್ನೊಂದು ತೆಗೆದ. ಚಿಕ್ಕದು. ಬಾಯಿ ಮುಚ್ಚಿ ಮೂಗಿನ ಕೆಳಗೇ ನಿಲ್ಲುವಂಥದ್ದು. ಕೊಳವೆ ನೆತ್ತಿಯ ಮೇಲಿನಿಂದ ಹೋಗುತ್ತದೆ. ಮೂಗಿನ ಮೇಲೆ ಏನಿಲ್ಲ, ಹಣೆಯ ಮೇಲೆ ಏನಿಲ್ಲ. ಹಾಕಿದ. ಗಾಳಿ ಬಂತು. ಅನಾತೊಲಿ ಕನ್ನಡಕ ಏರಿಸಿದಳು. ಕೂತಿತು. ಪಾರ್ಥೆನಾಳಿಗೆ ಕಿಟಕಿ ಕಂಡಿತು, ಅನಾತೊಲಿಯ ಗಲ್ಲದ ಮಚ್ಚೆ ಕಂಡಿತು, ಪರದೆ ಕಂಡಿತು. ಉಸಿರೂ ಇತ್ತು, ಮಾತೂ ಇತ್ತು. ಎರಡೂ ಒಟ್ಟಿಗೆ ಇರಬಹುದು ಎಂಬುದು ಅವಳಿಗೆ ಆಗಲೇ ಗೊತ್ತಾದದ್ದು.

“ಇದು,” ಎಂದಿತು ಪರದೆ. “ಇದು. ಇದು.”

ವಾರ್ಡಿನ ಮುಖ್ಯಸ್ಥ ಡಾಕ್ಟರ್ ಸರಾಂತಿಸ್ ಒಳಗೆ ಬಂದರು.

“ಇದೇನ್ರೀ ಇದು? ಇದು ನಮ್ಮಲ್ಲಿ ಬರೋದಲ್ಲ.”

“ತೋರ್ಸಕ್ಕೆ ತಂದಿದ್ದು ಸಾರ್. ಸ್ಯಾಂಪಲ್ಲು.”

“ಇಲ್ದಿರೋ ಆಸೆ ಯಾಕ್ ಹುಟ್ಟಿಸ್ತೀರಿ? ತೆಗೀರಿ.”

“ಡಾಕ್ಟ್ರೇ, ಇದರಲ್ಲಿ ಅವಳಿಗೆ ಕಾಣುತ್ತೆ, ಮಾತಾಡ್ತಾಳೆ,” ಅನಾತೊಲಿ ಕೈ ಮುಂದೆ ಮಾಡಿ ನಿಂತಳು.

“ಮೇಲಿನ ಸಮಿತಿಗೆ ಬರೆದಿಡೋಣ. ಅವರು ಒಪ್ಪಿದಾಗ ನೋಡೋಣ. ಈಗ ಉಸಿರು ಮುಖ್ಯನಾ, ಕನ್ನಡಕ ಮುಖ್ಯನಾ?”

ಪಾರ್ಥೆನಾ ಅದಕ್ಕೆ ಉತ್ತರ ಕೂಡಿಸುತ್ತಿದ್ದಳು. ಮೂರು ಅಕ್ಷರ ಆಗಿತ್ತು. ಸ್ತಾಥಿಸ್ ತಲೆ ಬಗ್ಗಿಸಿಕೊಂಡು ಮಾಸ್ಕ್ ಬಿಚ್ಚಿದ. ಎಂಜಲು ಒರೆಸಿ ಚೀಲಕ್ಕೆ ಹಾಕಿದ. ದೊಡ್ಡದನ್ನು ಬಿಗಿದ. ಪರದೆಯ ಮೇಲೆ ಅರ್ಧ ಮಾತು ಉಳಿಯಿತು. ಅದು ಏನಾಗಬೇಕಿತ್ತು ಎಂದು ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ.

ಅಂದಿನಿಂದ ಪಾರ್ಥೆನಾ ಹಿಟ್ಟು ಎರಚಿದಂಥ ಬೆಳ್ಳನೆಯ ಲೋಕದಲ್ಲಿ ಮಲಗಿದಳು. ಮಾಸ್ಕ್ ಬಿಚ್ಚುವ ಹಾಗಿರಲಿಲ್ಲ, ಊಟವೂ ಹೊಟ್ಟೆಗೆ ಇಟ್ಟ ಕೊಳವೆಯಲ್ಲೇ. ಮಾಸ್ಕಿನ ಅಂಚಿನಿಂದ ಸೋರುವ ಗಾಳಿ ಕಣ್ಣಿಗೆ ಹೊಡೆದು ರೆಪ್ಪೆ ಸುಮ್ಮನೆ ಬಡಿಯುತ್ತಿತ್ತು. ನರ್ಸ್ ಫ್ಲೋರಾ ಮುಲಾಮು ಹಚ್ಚಿದಳು. ಅದರಿಂದ ಇನ್ನೂ ಮಂಜಾಯಿತು. ರೆಪ್ಪೆ ಬಡಿದು ಏನಾದರೂ ಹೇಳೋಣವೆಂದರೆ ಯಾವುದು ಅವಳದು, ಯಾವುದು ಗಾಳಿಯದು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಮೂಗಿನ ಮೇಲೆ ಹುಣ್ಣಾಯಿತು. ಹುಣ್ಣು ನೋಯುತ್ತದೆ ಎಂದು ಹೇಳುವ ದಾರಿಯೂ ಅದೇ ಮಾಸ್ಕಿನ ಕೆಳಗಿತ್ತು.

ಆಸ್ಪತ್ರೆಗೆ ಮಂಚ ಬೇಕಾಗಿತ್ತು. ಮನೆಗೆ ಯಂತ್ರ ಕೊಡಬೇಕಾದರೆ ನೋಡಿಕೊಳ್ಳಲು ಹತ್ತಿರದ ಸಂಬಂಧಿ ಬೇಕು ಎಂದು ನಿಯಮ.

“ನೀವು ಇವಳಿಗೆ ಏನಾಗ್ಬೇಕು?” ಡಾಕ್ಟರು ಅನಾತೊಲಿಯನ್ನು ಕೇಳಿದ್ದರು.

“ಪಕ್ಕದವಳು.”

“ಪಕ್ಕದ ಮನೆಯವಳಾ?”

“ಬೆಲ್ಟ್‌ನಲ್ಲಿ ಪಕ್ಕದವಳು.”

ಹಾಗೆ ಒಂದು ಸಂಬಂಧ ಸರ್ಕಾರದ ಲೆಕ್ಕದಲ್ಲಿ ಇಲ್ಲ. ಯಾರಿಗೋ ಗಂಡನಾಗಿ ಎರಡು ದಿನ ಇದ್ದು ಓಡಿಹೋದವನೂ ಸಂಬಂಧಿ. ಹೇಲು ಬಳಿದವಳು ಯಾರೂ ಅಲ್ಲ.

ಒಂದು ಬೆಳಿಗ್ಗೆ ಅನಾತೊಲಿ ಬರುವ ಮೊದಲು ಸರಾಂತಿಸ್ ಮಂಚದ ಹತ್ತಿರ ನಿಂತರು. ಫ್ಲೋರಾ ಜೊತೆಗಿದ್ದಳು. ಅರವತ್ತು ಸಮೀಪಿಸಿದ ಹೆಂಗಸನ್ನು ಮಾತು ಬಾರದವಳೆಂದು ಏಕವಚನದಲ್ಲಿ, ಕಿವುಡಿಯೆಂಬಂತೆ ಕೂಗಿ ಮಾತಾಡಿಸಿದರು.

“ಪಾರ್ಥೆನಾ! ಸಮುದ್ರದ ಕಡೆ ಒಂದು ಆಶ್ರಮ ಇದೆ. ಮಂಚ, ಯಂತ್ರ, ಎಲ್ಲಾ ಇದೆ. ಅಲ್ಲಿಗೆ ಕಳಿಸ್ತೀವಿ. ಬೇಡ ಅನ್ನೋದಾದ್ರೆ ಈಗ್ಲೇ ಹೇಳು.”

ಆ ಆಶ್ರಮ ಪಾರ್ಥೆನಾಳಿಗೆ ಗೊತ್ತಿತ್ತು. ಕಾರ್ಖಾನೆಯ ಒಬ್ಬ ಮುದುಕಿಯನ್ನು ಅಲ್ಲಿಗೆ ಕಳಿಸಿದ್ದರು. ನೋಡಲು ಹೋದಾಗ ಅವಳನ್ನು ಗೋಡೆಗೆ ಮುಖ ಮಾಡಿ ಮಲಗಿಸಿದ್ದರು. ಅವಳು ಹೆಸರು ಮರೆತಿದ್ದಳು, ತನ್ನದು.

ಪಾರ್ಥೆನಾ ಹುಬ್ಬೆತ್ತಿದಳು.

ಮೆತ್ತೆ ಅಲುಗಲಿಲ್ಲ. ಅದರ ಕೆಳಗೆ ಚರ್ಮ ಮುದುಡಿತು. ಇನ್ನೊಮ್ಮೆ ಎತ್ತಿದಳು. ಇದ್ದಬದ್ದ ಜೀವವನ್ನೆಲ್ಲ ತಂದು ಹಣೆಗೆ ಹಾಕಿದಳು. ಡಾಕ್ಟರು ಕಾದರು. ಅವರು ಕಾದದ್ದು ನಿಜ. ಒಬ್ಬ ಸಭ್ಯ ಮನುಷ್ಯ ಎಷ್ಟು ಕಾಯಬೇಕೋ ಅಷ್ಟು ಕಾದರು.

“ಒಪ್ಕೊಂಡ್ಳು,” ಅಂದರು.

ಮೌನಂ ಸಮ್ಮತಿ ಲಕ್ಷಣಂ ಎನ್ನುತ್ತಾರಲ್ಲ, ಅದನ್ನು ಮೊದಲು ಹೇಳಿದವನು ಯಾರದೋ ಬಾಯಿ ಒತ್ತಿ ಹಿಡಿದುಕೊಂಡೇ ಹೇಳಿರಬೇಕು.

ಅನಾತೊಲಿ ಬಂದವಳು ಸುದ್ದಿ ಕೇಳಿ ಕಿರುಚಾಡಿದಳು. ಡಾಕ್ಟರು ಕಾರಿಡಾರಿನಲ್ಲೇ ಹೇಳಿದರು: “ನನ್ ಮಾತು ನಂಬ್ಬೇಡಿ. ನೀವೇ ಹೋಗಿ ಕೇಳಿ.”

ಅವಳು ಬಂದು ಮಂಚದ ಅಂಚಿಗೆ ಕೂತಳು. ಪಾರ್ಥೆನಾಳಿಗೆ ಅವಳ ಮುಖ ಒಂದು ಮಸುಕು. ವಾಸನೆ ಮಾತ್ರ ಸ್ಪಷ್ಟ, ಬೆಳ್ಳುಳ್ಳಿ, ಸಾಬೂನು. ಬಂದಳಲ್ಲ, ಇವಳಿಗೆ ತಿಳಿಯುತ್ತದೆ ಎಂದು ಪಾರ್ಥೆನಾಳ ಎದೆ ಹಗುರಾಯಿತು. ಯಂತ್ರದ ಗದ್ದಲದಲ್ಲಿ ಇಷ್ಟು ವರ್ಷ ತನ್ನ ಮುಖ ಓದಿದವಳು.

“ಅಲ್ಲಿಗ್ ಹೋಗ್ತೀಯಾ ನೀನು?”

ಪಾರ್ಥೆನಾ ಹುಬ್ಬೆತ್ತಿದಳು. ಮೆತ್ತೆಯ ಕೆಳಗೆ.

ಅನಾತೊಲಿ ಆ ಮುಖವನ್ನು ನೋಡಿದಳು. ಬೆಲ್ಟಿನ ಮುಂದೆ ನೋಡುತ್ತಿದ್ದ ಹಾಗೆಯೇ ನೋಡಿದಳು. ಹುಬ್ಬು ಏಳಲಿಲ್ಲ. ಹುಬ್ಬು ಏಳದಿದ್ದರೆ ನಡೆಸು ಎಂದರ್ಥ. ಅದು ಅವಳ ತಲೆಯಲ್ಲಿ ಕೂತ ಪಾಠವಲ್ಲ, ಕೈಕಾಲಿನಲ್ಲಿ ಕೂತ ಪಾಠ. ಮೆತ್ತೆಯೊಂದು ಅಡ್ಡ ಇದೆ ಎಂದು ನೋಡುವಷ್ಟು ಹೊತ್ತೂ ಆ ಪಾಠ ಅವಳಿಗೆ ಬಿಡುವು ಕೊಡಲಿಲ್ಲ.

“ನಿಜ ಹೇಳು ಕಣೇ. ನಂಗ್ ಭಾರ ಆಗ್ತೀನಿ ಅಂತಾನಾ?”

ಇಲ್ಲ, ಇಲ್ಲ ಎಂದಳು ಪಾರ್ಥೆನಾ. ಮುಖ ಕಲ್ಲಿನಂತೆ ಇತ್ತು.

ಅನಾತೊಲಿಯ ದನಿ ಸಣ್ಣಗಾಯಿತು. “ನನ್ ಕೈ ಸಾಕಾಯ್ತಾ ನಿಂಗೆ?”

ಆ ಪ್ರಶ್ನೆಗೆ ಪಾರ್ಥೆನಾ ಎಷ್ಟು ಜೋರಾಗಿ ಹುಬ್ಬೆತ್ತಿದಳೆಂದರೆ ಮೂಗಿನ ಹುಣ್ಣು ಬಿರಿದು ರಕ್ತ ಬಂತು. ಮಾಸ್ಕಿನ ಒಳಗೆ ಬಂತು. ಹೊರಗೆ ಕಾಣಲಿಲ್ಲ. ಕಣ್ಣಲ್ಲಿ ನೀರು ಬಂತು. ಆ ಕಣ್ಣಲ್ಲಿ ಗಾಳಿಗೆ ಹೊತ್ತೂ ಗೊತ್ತೂ ಇಲ್ಲದೆ ನೀರು ಸುರಿಯುತ್ತಲೇ ಇತ್ತು.

“ಆಯ್ತು ಬಿಡು,” ಅಂದಳು ಅನಾತೊಲಿ. ಎದ್ದಳು. “ನಿನ್ನಿಷ್ಟ.” ಕಪಾಟು ತೆರೆದು ಪಾರ್ಥೆನಾಳ ನೈಟಿ, ಉಲನ್ ಕಾಲುಚೀಲ ಎಣಿಸಿ ಮಡಿಸತೊಡಗಿದಳು. ಬೆನ್ನು ತಿರುಗಿಸಿಕೊಂಡೇ ಮಡಿಸಿದಳು. ಪಾರ್ಥೆನಾಳಿಗೆ ಸಾವಿನ ಭಯ ಯಾವಾಗಲೋ ಹಳತಾಗಿತ್ತು. ಇದು ಹೊಸ ಭಯ. ತನ್ನವಳು ಎಂಬ ಒಬ್ಬಳೂ ಈ ಸುಳ್ಳನ್ನು ನಂಬಿ, ನೊಂದು, ಹೊರಟುಹೋಗುತ್ತಾಳೆ. ತಾನು ಗೋಡೆಗೆ ಮುಖ ಮಾಡಿ ಮಲಗಿರುತ್ತೇನೆ.

ಮರುದಿನ ಆಂಬುಲೆನ್ಸಿನ ಇಬ್ಬರು ಸ್ಟ್ರೆಚರ್ ತಂದರು. ಆಸ್ಪತ್ರೆಯ ಯಂತ್ರ ಬಿಡಿಸಿ ಗಾಡಿಯ ಚಿಕ್ಕ ಯಂತ್ರಕ್ಕೆ ಕೊಳವೆ ಬದಲಿಸಬೇಕು. ಜೊತೆಗೆ ರಾತ್ರಿ ಮಾಸ್ಕಿನ ಅಂಚಿಗೆ ಇಳಿದು ಒಣಗಿದ ರಕ್ತ ಕಂಡು ಫ್ಲೋರಾ ಒರೆಸಲೆಂದು ಪಟ್ಟಿ ಬಿಚ್ಚಿ ಮಾಸ್ಕ್ ಎತ್ತಿದಳು.

ಹಣೆಗೆ ಗಾಳಿ ತಗುಲಿತು.

ಪಾರ್ಥೆನಾಳ ಹುಬ್ಬು ಮೇಲೆ ಹೋಯಿತು. ಇಳಿಯಿತು, ಮತ್ತೆ ಹೋಯಿತು. ಮೆತ್ತೆ ಒತ್ತಿದ ಕೆಂಪು ಗುಳಿಯ ಎರಡೂ ಬದಿಗೆ ಎರಡು ಹುಬ್ಬು, ಮೇಲೆ, ಮೇಲೆ, ಮೇಲೆ.

ಅನಾತೊಲಿಯ ಕೈಯಿಂದ ಚೀಲ ಬಿತ್ತು.

“ಏನಂದೆ? ತಡಿ. ತಡೀರಿ ಎಲ್ರೂ! ಪಾರ್ಥೆನಾ, ಅಲ್ಲಿಗ್ ಹೋಗ್ತೀಯಾ?”

ಹುಬ್ಬು ಮೇಲೆ.

“ನಿನ್ನೆ ನಾನ್ ಕೇಳಿದ್ದು… ನನ್ ಕೈ ಸಾಕಾಯ್ತಾ?”

ಹುಬ್ಬು ಮೇಲೆ. ಇಳಿಸಲೇ ಇಲ್ಲ.

ಅನಾತೊಲಿ ತನ್ನ ಕೆನ್ನೆಗೆ ತಾನೇ ಫಟ್ಟನೆ ಹೊಡೆದುಕೊಂಡಳು. “ನನ್ ಕಣ್ಣಿಗ್ ಬೆಂಕಿ ಬೀಳ! ಅದರ ಕೆಳಗಿದ್ದಿದ್ದು ನನಗ್ ಕಾಣ್ಲಿಲ್ವಲ್ಲೇ!” ಕನ್ನಡಕ ಹುಡುಕಿ ಪಾರ್ಥೆನಾಳ ಮೂಗಿಗೆ, ಹುಣ್ಣಿನ ಮೇಲೇ, ಮೆಲ್ಲಗೆ ಕೂರಿಸಿದಳು. ಪಾರ್ಥೆನಾಳಿಗೆ ಮುಖ ಕಂಡಿತು. ಒಂದು ಕೆನ್ನೆ ಕೆಂಪಗೆ.

ಸರಾಂತಿಸ್ ಓಡಿಬಂದರು. “ಮಾಸ್ಕ್ ಯಾಕ್ ತೆಗ್ದಿದೀರಿ? ಹಾಕಿ!”

“ಮೊದ್ಲು ಕೇಳಿ ಇವಳನ್ನ,” ಅನಾತೊಲಿ ಅಡ್ಡ ನಿಂತಳು. “ಈಗ ಕೇಳಿ. ನನ್ನನ್ನಲ್ಲ.”

“ಸಾಯ್ತಾಳೆ ಕಣಮ್ಮಾ!”

“ಅದಕ್ಕೇ ಬೇಗ ಕೇಳಿ.”

ಪಾರ್ಥೆನಾಳಿಗೆ ಉಸಿರು ಸಾಲುತ್ತಿರಲಿಲ್ಲ. ಚಮಚದಲ್ಲಿ ಗಾಳಿ ಮೊಗೆದಂತೆ ಸ್ವಲ್ಪ ಸ್ವಲ್ಪ ಬರುತ್ತಿತ್ತು. ಬೆರಳ ತುದಿ ಜುಮ್ಮೆನ್ನುತ್ತಿತ್ತು. ಕಣ್ಣು ಮಾತ್ರ ಡಾಕ್ಟರ ಮೇಲೆ ನೆಟ್ಟಿತ್ತು. ಸರಾಂತಿಸ್ ಮೊದಲ ಸಲ ಬಗ್ಗಿ, ಕೂಗದೆ ಕೇಳಿದರು.

“ಆಶ್ರಮಕ್ಕೆ ಹೋಗ್ತೀರಾ?”

ಹುಬ್ಬು ಮೇಲೆ ಹೋಯಿತು.

ಆಂಬುಲೆನ್ಸಿನ ಹಿರಿಯ ಮನುಷ್ಯ ಸ್ಟ್ರೆಚರಿನ ಬ್ರೇಕು ಒತ್ತಿದ. “ಬೇಡ ಅಂತಿದಾರೆ ಡಾಕ್ಟ್ರೇ. ಬೇಡ ಅಂದೋರ್ನ ನಾವ್ ಹೊರಲ್ಲ.”

“ಸರಿ. ಸರಿ. ಕಳಿಸಲ್ಲ. ಈಗ ಮಾಸ್ಕ್ ಹಾಕಿ.”

ಫ್ಲೋರಾ ಮಾಸ್ಕ್ ಹಿಡಿದು ಬಂದಳು. ಪಾರ್ಥೆನಾ ಹುಬ್ಬೆತ್ತಿದಳು.

ತುಟಿ ನೀಲಿಗೆ ತಿರುಗುತ್ತಿತ್ತು. ಉಸಿರು ಬೇಕು ಎಂದು ಮೈಯೆಲ್ಲ ಕೂಗುತ್ತಿತ್ತು. ಆದರೆ ಆ ಮೆತ್ತೆ ಮತ್ತೆ ಕೂತರೆ, ನಾಳೆ ಇನ್ನೊಬ್ಬ ಡಾಕ್ಟರು ಬಂದು ಇನ್ನೇನೋ ಕೇಳುತ್ತಾರೆ. ಸಭ್ಯರಾಗಿ ಕಾಯುತ್ತಾರೆ. ಒಪ್ಪಿಕೊಂಡಳು ಎನ್ನುತ್ತಾರೆ.

“ಹುಚ್ಚಾ ಇವಳಿಗೆ?” ಅಂದರು ಡಾಕ್ಟರು. “ಆ ಇನ್ನೊಂದು ಮಾಸ್ಕ್ ಎಲ್ಲಿಂದ ತರ್ಲಿ ನಾನು ಈಗ?”

ಅನಾತೊಲಿಗೆ ತಿಳಿಯಿತು. ಫ್ಲೋರಾಳ ಕೈಯಿಂದ ಮಾಸ್ಕ್ ಕಿತ್ತುಕೊಂಡಳು. ಪ್ಲಾಸ್ಟಿಕ್ ತೋಳನ್ನು ಎರಡು ಮುಷ್ಟಿಯಲ್ಲಿ ಹಿಡಿದು ಮಂಚದ ಕಬ್ಬಿಣಕ್ಕೆ ಒತ್ತಿ ಬಗ್ಗಿಸಿದಳು. ಬಗ್ಗಲಿಲ್ಲ. ಮೊಣಕಾಲು ಕೊಟ್ಟಳು. ಲಟಕ್ಕೆಂದು ಮುರಿಯಿತು. ಮೆತ್ತೆ ಮೂಲೆಗೆ ಹಾರಿಬಿತ್ತು.

“ಆಸ್ಪತ್ರೆ ಸಾಮಾನು ಅದು!”

“ಪೊಲೀಸ್ನೋರ್ನ ಕರೀರಿ. ಅವರೂ ಬಂದು ಇವಳನ್ನೇ ಕೇಳ್ಲಿ.”

ಮುರಿದ ಮೊನೆ ಚುಚ್ಚದಂತೆ ಫ್ಲೋರಾ ತಾನಾಗಿಯೇ ಪ್ಲಾಸ್ಟರು ಸುತ್ತಿದಳು. ಡಾಕ್ಟರನ್ನು ನೋಡಲಿಲ್ಲ.

ಅನಾತೊಲಿ ಮಾಸ್ಕನ್ನು ಮುಖದ ಹತ್ತಿರ ತಂದು ನಿಲ್ಲಿಸಿದಳು. ಹಾಕಲಿಲ್ಲ. “ಇದ್ ಹಾಕಿದ್ರೆ ಕನ್ನಡಕ ಹೋಗುತ್ತೆ. ಪರದೆನೂ ಇಲ್ಲ. ಹುಬ್ಬ್ ಮಾತ್ರ ಇರುತ್ತೆ. ಹಾಕ್ಲಾ?”

ಪಾರ್ಥೆನಾಳ ಹುಬ್ಬು ಏಳಲಿಲ್ಲ. ಏಳಬಹುದಾಗಿತ್ತು. ಏಳಲಿಲ್ಲ. ಅಲ್ಲಿದ್ದವರೆಲ್ಲ ಅದನ್ನು ನೋಡಿದರು. ಆ ಹೆಂಗಸಿನ ಒಪ್ಪಿಗೆಯನ್ನು ಆ ಆಸ್ಪತ್ರೆ ಕಂಡದ್ದು ಅದೇ ಮೊದಲು.

ಕನ್ನಡಕ ತೆಗೆದು ಮಾಸ್ಕ್ ಬಿಗಿದರು. ಹಣೆಯ ಆಧಾರ ಹೋದದ್ದರಿಂದ ಅದು ವಾಲಿತು. ಮೂಗಿನ ಬದಿಯಿಂದ ಗಾಳಿ ಬುಸುಗುಟ್ಟಿತು. ಯಂತ್ರ ಕೀಂ ಕೀಂ ಎಂದು ಅರಚತೊಡಗಿತು. ಅನಾತೊಲಿ ಅಂಗೈಯಿಂದ ಅಂಚನ್ನು ಒತ್ತಿ ಹಿಡಿದಳು. ಎದೆ ಎದ್ದಿತು, ಪೂರ್ತಿ ಅಲ್ಲ, ಅರ್ಧ. ತುಟಿಯ ನೀಲಿ ನಿಧಾನವಾಗಿ ಬೂದು ಬಣ್ಣಕ್ಕೆ ತಿರುಗಿತು.

ಸರಾಂತಿಸ್ ಯಂತ್ರದ ಅಂಕಿ ನೋಡಿದರು. ಬೆವರು ಒರೆಸಿಕೊಂಡರು.

“ಅರ್ಧ ಗಾಳಿ ಸೋರ್ತಿದೆ. ಹೀಗೆ ಜಾಸ್ತಿ ದಿನ ನಡೆಯಲ್ಲ, ತಿಳ್ಕೊಳ್ಳಿ. ಸ್ಟೋರಲ್ಲಿ ಹೊಸದು ಇದೆ. ಇದೇ ತರದ್ದು, ಮುರೀದೇ ಇರೋದು. ತರಿಸ್ಲಾ?”

ಅವರು ಕೇಳಿದ್ದು ಪಾರ್ಥೆನಾಳನ್ನು. ಅವಳಿಗೆ ಅವರ ಮುಖ ಕಾಣಲಿಲ್ಲ, ಬಿಳಿ ಕೋಟಿನ ಒಂದು ಮಸುಕು ಕಂಡಿತು. ಅರ್ಧ ಉಸಿರು ಎಳೆದುಕೊಂಡಳು.

ಹುಬ್ಬೆತ್ತಿದಳು.